ಹಿಂದಿನ ಟೈರು ಹಿಂದೆ ಕೂತವರದು

ಬೈಕಿನಲ್ಲಿ ಹೋಗುವವರ ಮುಖ ನಾನು ನೋಡುವುದಿಲ್ಲ, ಹಿಂದಿನ ಚಕ್ರ ನೋಡುತ್ತೇನೆ. ಕೆಲಸ ಬಿಟ್ಟ ಮೇಲೂ ಈ ಚಟ ಹೋಗಿಲ್ಲ. ಮೊನ್ನೆ ಒಂದು ಮದುವೆಗೆ ಹೋಗಿದ್ದಾಗ ಛತ್ರದ ಮುಂದೆ ನಿಲ್ಲಿಸಿದ್ದ ಬೈಕಿನ ಟೈರನ್ನು ಬಗ್ಗಿ ನೋಡುತ್ತಿದ್ದೆ. ನನ್ನ ತಂಗಿ ಬಂದು ಸೆರಗು ಹಿಡಿದು ಎಳೆದಳು.

"ಅಕ್ಕಾ, ರೇಷ್ಮೆ ಸೀರೆ ಉಟ್ಕಂಡು ಎಂತ ಮಾಡ್ತಿದೀಯ? ಜನ ನೋಡ್ತಿದಾರೆ."

ನೋಡಲಿ ಬಿಡಿ. ಆ ಟೈರಿನ ಬಾಣದ ಗುರುತು ಉಲ್ಟಾ ಇತ್ತು. ಚಕ್ರ ತಿರುಗುವ ದಿಕ್ಕಿಗೆ ಬಾಣ ಇರಬೇಕೆಂದು ಟೈರಿನ ಮೈಮೇಲೇ ಬರೆದಿರುತ್ತಾರೆ, ಆದರೂ ಯಾರೋ ಪುಣ್ಯಾತ್ಮ ತಿರುಗಿಸಿ ಕೂರಿಸಿದ್ದ. ಬೈಕಿನವನನ್ನು ಊಟದ ಪಂಕ್ತಿಯಲ್ಲಿ ಹುಡುಕಿ, ಪಾಯಸದ ಮುಂದೆಯೇ ಹೇಳಿ ಬಂದೆ. ಅವನಿಗೆ ಸಿಟ್ಟು ಬಂತು, ನನಗೆ ಸಮಾಧಾನವಾಯಿತು.

ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ಮಂಜಪ್ಪನವರ ಟೈರ್ ಅಂಗಡಿಯಲ್ಲಿ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ನಾನು ಅಲ್ಲಿ ಸೇರಿದ್ದು ಫೋನ್ ಎತ್ತುವುದಕ್ಕೆ, ಗಿರಾಕಿಗಳಿಗೆ ಕುರ್ಚಿ ಕೊಡುವುದಕ್ಕೆ. ಒಂದು ಮಧ್ಯಾಹ್ನ ಫಿಟ್ಟರ್ ಊಟಕ್ಕೆ ಹೋದವನು ಬರಲೇ ಇಲ್ಲ, ತೀರ್ಥಹಳ್ಳಿಗೆ ಹೊರಟಿದ್ದ ಗಿರಾಕಿ ಕೂತಲ್ಲೇ ಗೊಣಗುತ್ತಿದ್ದ. ನಾನು ಎದ್ದು ಕಬ್ಬಿಣದ ಪಟ್ಟಿ ತೆಗೆದುಕೊಂಡು ಟೈರು ಬಿಚ್ಚಲು ಕೂತೆ. ದಿನವೂ ಕಣ್ಣೆದುರೇ ನಡೆಯುತ್ತಿದ್ದ ಕೆಲಸ, ಕೈಗೆ ಅಂಥ ಹೊಸದೇನೂ ಅನಿಸಲಿಲ್ಲ.

"ಹೆಂಗಸರು ಟೈರ್ ಹಾಕ್ತಾರನ್ರೀ?" ಎಂದ ಗಿರಾಕಿ.

"ಟೈರಿಗೆ ಗೊತ್ತಾಗಲ್ಲ, ನೀವು ಹೇಳ್ಬೇಡಿ" ಎಂದೆ.

ಅಂದಿನಿಂದ ಫೋನ್ ಎತ್ತಲು ಬೇರೆಯವರು ಬಂದರು.

ಮಂಜಪ್ಪನವರ ಬಗ್ಗೆ ಹೇಳಬೇಕು. ಅವರ ಬಾಯಲ್ಲಿ ಸದಾ ಎಲೆಯಡಿಕೆ, ತೋರುಬೆರಳ ತುದಿಯಲ್ಲಿ ಸದಾ ಸುಣ್ಣ. ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಅವರು ತಮ್ಮ ಅಂಗಡಿಯ ಬೀಗದ ಕೈಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು. ಬಾಯಿ ಜೋರು, ಮನಸ್ಸು ಒಳ್ಳೆಯದು. ಅವರ ವ್ಯಾಪಾರದ ಸಿದ್ಧಾಂತ ಒಂದೇ: ಗಿರಾಕಿ ಕೇಳಿದ್ದನ್ನು ಕೊಡು, ಕೇಳಿದ್ದು ಇಲ್ಲದಿದ್ದರೆ ಇದ್ದದ್ದನ್ನು ಕೊಡು. ನನಗೂ ಅವರಿಗೂ ಜಗಳ ಹತ್ತುತ್ತಿದ್ದುದು ಇಲ್ಲೇ. ನನ್ನದೂ ಬಾಯಿ ಜೋರೇ. ನಮ್ಮಿಬ್ಬರ ಮಾತು ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತಂತೆ, ಬಸ್ಸು ತಡವಾದರೆ ಜನಕ್ಕೆ ಅದೇ ಹೊತ್ತು ಕಳೆಯುವ ದಾರಿ.

ಆಗಿನ ಕೆಲಸಕ್ಕೆ ಮೈಯೇ ಯಂತ್ರ. ಪಟ್ಟಿ, ಸುತ್ತಿಗೆ, ಮೊಣಕಾಲು, ಇಷ್ಟೇ ಸಲಕರಣೆ. ಟೈರಿನ ಅಂಚು ರಿಮ್ಮಿನಿಂದ ಬಿಡದಿದ್ದರೆ ಅದರ ಮೇಲೆ ಹತ್ತಿ ಕುಣಿಯುತ್ತಿದ್ದೆವು. ಈಗ ಯಂತ್ರ ಬಂದಿದೆ, ಗುಂಡಿ ಒತ್ತಿದರೆ ಅಂಚು ತಾನಾಗಿ ಬಿಡುತ್ತದೆ. ನನಗೆ ಅದರ ಮೇಲೆ ಹೊಟ್ಟೆಕಿಚ್ಚೇನೂ ಇಲ್ಲ. ಮೊದಲೇ ಬಂದಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು. ಮೊದಲು ಗಿರಾಕಿಗಳು "ಒಂದು ಟೈರ್ ಕೊಡಿ" ಎನ್ನುತ್ತಿದ್ದರು. ಈಗ ಫೋನಿನಲ್ಲಿ ಚಿತ್ರ ತೋರಿಸಿ "ಇಂಥದ್ದೇ ಬೇಕು" ಎನ್ನುತ್ತಾರೆ. ಚಿತ್ರದಲ್ಲಿರುವುದು ಯಾವುದೋ ದೇಶದ ಮರಳುಗಾಡಿನಲ್ಲಿ ಓಡುವ ಬೈಕು. ನಮ್ಮಲ್ಲಿ ಮರಳು ಸಿಗುವುದೇ ಕಷ್ಟ.

ಎಡವಟ್ಟುಗಳಿಗೇನೂ ಬರವಿರಲಿಲ್ಲ. ಆಯುಧಪೂಜೆಯ ಮರುದಿನ ನಮ್ಮ ಅಂಗಡಿಗೆ ಬಿಡುವೇ ಸಿಗುತ್ತಿರಲಿಲ್ಲ. ಒಂದು ವರ್ಷ ಒಬ್ಬರು ಕುಂಟುತ್ತಾ ಬಂದು, "ನೀವು ಹಾಕಿದ ಟೈರ್ ಸರಿ ಇಲ್ಲ, ಗೇಟ್ ದಾಟೋದ್ರೊಳಗೆ ಬಿದ್ದೆ" ಎಂದು ಕೂಗಾಡಿದರು. ಟೈರು ಮುಟ್ಟಿದೆ, ಕೈಯೆಲ್ಲ ಜಿಡ್ಡು. ಮೂಸಿದರೆ ಕೊಬ್ಬರಿ ಎಣ್ಣೆ! ಪೂಜೆಗೆ ಬೈಕು ಮಿನುಗಲೆಂದು ಟೈರಿನ ಹಲ್ಲುಹಲ್ಲಿಗೂ ಎಣ್ಣೆ ಹಚ್ಚಿದ್ದರು. ಕುಂಕುಮ, ಚೆಂಡು ಹೂವು ಎಲ್ಲ ಅದಕ್ಕೇ ಅಂಟಿಕೊಂಡಿತ್ತು. "ಮನೆಯವ್ರು ಹೇಳಿದ್ರು, ತಲೆಗೂದಲು ಹ್ಯಾಂಗೆ ಹೊಳೆಯುತ್ತೋ ಹಂಗೇ ಹೊಳೆಯುತ್ತೆ ಅಂತ" ಎಂದರು, ದನಿ ಇಳಿಸಿ. ಮಂಜಪ್ಪನವರು ನಗು ತಡೆಯಲಾರದೆ ಒಳಗೆ ಹೋದರು. ನಾನು ಅಲ್ಲೇ ನಿಂತು ನಕ್ಕೆ. ಸೀಗೆಪುಡಿ ಹಾಕಿ ಟೈರನ್ನು ತಿಕ್ಕಿ ತೊಳೆದು ಕಳಿಸಿದೆವು.

ಇನ್ನೊಂದು ರೋಗ ನಮ್ಮ ಕಡೆಯವರಿಗೆಲ್ಲ ಇದೆ. ಹಿಂದಿನ ಟೈರು ದಪ್ಪ ಇದ್ದಷ್ಟೂ ಒಳ್ಳೆಯದು ಎನ್ನುವ ನಂಬಿಕೆ. ಜಂಬಿಟ್ಟಿಗೆಯ ಮಣ್ಣು, ಘಟ್ಟದ ತಿರುವು, ಪಾಚಿ ಹಿಡಿದ ರಸ್ತೆ, ಇದಕ್ಕೆಲ್ಲ ದಪ್ಪ ಟೈರೇ ಮದ್ದು ಅಂತ ಕಾರಣವನ್ನೂ ಕೊಡುತ್ತಾರೆ. ನಿಜವಾದ ಕಾರಣ ಬೇರೆ. ಪಕ್ಕದ ಮನೆಯವರದ್ದು ದಪ್ಪ ಇರುತ್ತದೆ, ಅಷ್ಟೇ.

ಈಗ ಪರಮೇಶಣ್ಣನ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕರೆ ಈಗಲೂ ನಾನು ಬೇರೇನನ್ನೂ ಹೇಳದಿದ್ದರೂ ಇದೊಂದನ್ನು ಹೇಳಿಯೇ ಹೇಳುತ್ತೇನೆ.

ಪರಮೇಶಣ್ಣನಿಗೆ ಪೇಟೆಯಲ್ಲಿ ಫೋಟೊ ಸ್ಟುಡಿಯೋ ಇದೆ. ದೂರದೂರಿಗೆ ಹೋಗಲೆಂದೇ ಒಂದು ಭಾರದ ಟೂರಿಂಗ್ ಬೈಕು ಇಟ್ಟುಕೊಂಡಿದ್ದರು. ಮದುವೆ ಮುಂಜಿಗಳ ಕಾಲ ಮುಗಿದ ಮೇಲೆ ಸ್ಟುಡಿಯೋಗೆ ಬಾಗಿಲು ಹಾಕಿ, ಹೆಂಡತಿ ಸುನಂದಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟುಬಿಡುತ್ತಿದ್ದರು. ಅವರು ಬೈಕು ಓಡಿಸುತ್ತಿದ್ದರು, ಫೋಟೊ ತೆಗೆಯುವವರು ಸುನಂದಕ್ಕ. ಓಡುವ ಬೈಕಿನ ಮೇಲೆ ಕೂತೇ ತೆಗೆಯುತ್ತಿದ್ದರು. ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಆ ಫೋಟೊಗಳನ್ನು ಸಾಲಾಗಿ ಇಟ್ಟಿದ್ದರು. ಬೆಟ್ಟವಿರಲಿ, ಹೊಳೆಯಿರಲಿ, ಎಲ್ಲದರ ಒಂದು ಮೂಲೆಯಲ್ಲಿ ಪರಮೇಶಣ್ಣನ ಭುಜ, ಇಲ್ಲವೇ ಹೆಲ್ಮೆಟ್ಟು. ಅದನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಇಂಥ ಸುಖದ ಸಂಸಾರ ನನ್ನ ಕಣ್ಣಿಗೆ ಬೇರೆ ಬಿದ್ದಿಲ್ಲ.

ಆಮೇಲೆ ಕಪಾಟಿಗೆ ಹೊಸ ಫೋಟೊ ಬರುವುದು ನಿಂತಿತು. ಇದ್ದವು ಬಿಸಿಲಿಗೆ ಬಣ್ಣ ಕಳೆದುಕೊಂಡವು. ಒಂದು ಸಲ ಪರಮೇಶಣ್ಣ ಒಬ್ಬರೇ ಹೋಗಿ ಬಂದರು. ಆ ಫೋಟೊಗಳಲ್ಲಿ ಎಲ್ಲವೂ ಸರಿಯಾಗಿತ್ತು, ಭುಜ ಮಾತ್ರ ಇರಲಿಲ್ಲ. ಅವನ್ನು ಅವರು ಕಪಾಟಿನಲ್ಲಿ ಇಡಲೇ ಇಲ್ಲ.

ಒಂದು ಬೆಳಿಗ್ಗೆ ಅವರು ಬೈಕು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. "ಹಿಂದಿನ ಟೈರ್ ಸವೆದೋಯ್ತು. ಇದೇ ಸೈಜಿಂದು ಕೊಡಿ. ಇದಕ್ಕಿಂತ ದಪ್ಪ ಇದ್ರೆ ಇನ್ನೂ ಒಳ್ಳೇದು" ಎಂದರು.

"ಸುನಂದಕ್ಕ ಎಲ್ಲಿ?" ಎಂದೆ.

ಅವರ ಮುಖ ಇಳಿದುಹೋಯಿತು. ಅವರದು ಹವ್ಯಕರ ಮಾತು, ಹೆಂಡತಿಯನ್ನು 'ಅದು' ಎಂದೇ ಹೇಳುವುದು. "ಅದು ಬತ್ತಿಲ್ಲೆ. ಇನ್ನು ಬೈಕ್ ಹತ್ತೋದೇ ಇಲ್ಲ ಅಂದುಬಿಟ್ಟಿದೆ. ಹೋದ್ಸಲ ಘಟ್ಟ ಇಳಿವಾಗ ಹೆದರಿದ್ದು. ದಪ್ಪ ಟೈರ್ ಹಾಕಿದ್ರೆ ಧೈರ್ಯ ಬಕ್ಕೇನೋ ಅಂತ ನೋಡ್ತಿದ್ದಿ. ಜಯಂತಕ್ಕ, ಅದು ಇನ್ನೊಂದ್ಸಲ ಹಿಂದೆ ಕೂತ್ರೆ ಸಾಕು, ಎಂಗೆ ಬೇರೆಂತೂ ಬೇಡ."

ನಾನು ಬಗ್ಗಿ ಟೈರಿನ ಪಕ್ಕದ ಬರಹ ಓದಿದೆ. 140/80-17. ಈ ಅಂಕಿಗಳಲ್ಲಿ ಹೆದರುವಂಥದ್ದೇನೂ ಇಲ್ಲ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು, ಆ ಅಗಲದ ನೂರರಲ್ಲಿ ಎಷ್ಟು ಪಾಲು ಟೈರಿನ ಗೋಡೆಯ ಎತ್ತರ ಎಂಬುದು. ಕೊನೆಯದು ರಿಮ್ಮಿನ ಇಂಚು. ಪಕ್ಕದಲ್ಲಿ ಭಾರ ತಡೆಯುವ ಅಂಕಿ ಬೇರೆ ಇರುತ್ತದೆ; ಇಬ್ಬರು ಕೂತು ಚೀಲ ಕಟ್ಟಿಕೊಂಡು ಹೋಗುವವರು ಅದು ಕಮ್ಮಿಯಾಗದಂತೆ ನೋಡಿಕೊಳ್ಳಬೇಕು. ಪರಮೇಶಣ್ಣನ ಬೈಕಿಗೆ ಕಂಪನಿ ಹೇಳಿದ್ದು 130/80-17 ಎಂದು ನನಗೆ ಬಾಯಿಪಾಠ. ಹಾಗಾದರೆ ಈ 140 ಎಲ್ಲಿಂದ ಬಂತು?

ಕೇಳಿದಾಗ ಹೇಳಿದರು. ಇಬ್ಬರೂ ಹೋಗಿದ್ದ ಕೊನೆಯ ಪ್ರವಾಸದ ನಡುವೆ ಟೈರು ಹರಿದಿತ್ತು. ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ಒಂದು ಸೈಜು ಹೆಚ್ಚಿನದು ಇತ್ತು, ಹಾಕಿಸಿಕೊಂಡರು. ನೋಡಲು ಗಟ್ಟಿಯಾಗಿ ಕಂಡಿತು, ಖುಷಿಯಾಯಿತು. ಘಟ್ಟದಲ್ಲಿ ಸುನಂದಕ್ಕ ಹೆದರಿದ್ದು ಅದಾದ ಮೇಲೆಯೇ. ಎರಡಕ್ಕೂ ಸಂಬಂಧವಿದೆ ಎಂದು ಅವರಿಗೆ ಹೊಳೆದಿರಲೇ ಇಲ್ಲ.

ಮಂಜಪ್ಪನವರು ಅಷ್ಟರಲ್ಲಿ ಒಳಗಿನಿಂದ 140ರ ಟೈರೊಂದನ್ನು ಉರುಳಿಸಿಕೊಂಡು ಬಂದೇಬಿಟ್ಟರು. "ನೋಡಿ, ಇದೇ ಸೈಜು, ಫಸ್ಟ್ ಕ್ಲಾಸ್ ಮಾಲು."

"ಅದನ್ನ ಒಳಗಿಡಿ" ಎಂದೆ.

"ಎಂತ ಮಾರಾಯ್ತಿ, ಗಿರಾಕಿ ಕೇಳ್ತಿದಾರೆ, ನಮ್ಮತ್ರ ಮಾಲಿದೆ. ನಿನ್ನ ಪುರಾಣ ಯಾರಿಗೆ ಬೇಕು?"

"ಗಿರಾಕಿ ಇವ್ರಲ್ಲ. ಗಿರಾಕಿ ಮನೇಲಿದಾರೆ. ಅವ್ರನ್ನ ಕೇಳ್ಕಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದೆ. ನನ್ನ ಕೆಲಸದ ರೀತಿಯೇ ಹಾಗೆ. ಮುಂದಿನ ಟೈರಿನ ಸುಖದುಃಖ ಓಡಿಸುವವರಿಗೆ ಹ್ಯಾಂಡಲ್ಲಿನಲ್ಲೇ ತಿಳಿಯುತ್ತದೆ. ಹಿಂದಿನ ಟೈರಿನದು ಅದರ ಮೇಲೆ ಕೂತವರಿಗೆ ಗೊತ್ತು. ಅವರನ್ನು ಮಾತ್ರ ಯಾವ ಅಂಗಡಿಯವರೂ ಕೇಳುವುದಿಲ್ಲ.

ಸುನಂದಕ್ಕ ಹಪ್ಪಳ ಒಣಗಿಸುತ್ತಿದ್ದರು. ನನ್ನನ್ನು ಕಂಡದ್ದೇ, "ಅವ್ರು ಕಳಿಸಿದ್ರಾ? ಆನು ಬತ್ತಿಲ್ಲೆ ಅಂದ್ರೆ ಬತ್ತಿಲ್ಲೆ" ಎಂದರು.

"ಬರಬೇಡಿ. ಹಿಂದೆ ಕೂತಾಗ ಎಂತ ಆಗ್ತಿತ್ತು, ಅಷ್ಟು ಹೇಳಿ ಸಾಕು."

ಅವರು ಕೈಯಲ್ಲಿದ್ದ ಹಪ್ಪಳ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಯಾರೂ ಅದನ್ನು ಕೇಳಿರಲಿಲ್ಲ ಎಂದು ಅದರಲ್ಲೇ ಗೊತ್ತಾಯಿತು. "ತಿರುವಲ್ಲಿ ಗುಂಡಿ ಬಂದ್ರೆ ಸೀಟಿನ ಅಡಿಗೆ ಎಂತದೋ ಕರ್ರ್ ಅಂತ ಉಜ್ಜತ್ತು. ಮತ್ತೆ, ತಿರುವಿಗೆ ಬೈಕ್ ವಾಲುವಾಗ ಮೊದ್ಲು ವಾಲದೇ ಇಲ್ಲೆ. ಆಮೇಲೆ ದಬಕ್ ಅಂತ ವಾಲ್ತು. ಎದೆ ಧಸಕ್ ಅಂತು. ಆವತ್ತು ಕ್ಯಾಮೆರಾನೇ ಕೈ ಬಿಟ್ಟು ಹೋಗ್ತಿತ್ತು. ಇವ್ರನ್ನ ಕೇಳಿದ್ರೆ ಎಂತೂ ಇಲ್ಲೆ, ನಿಂಗೆ ವಯಸ್ಸಾತು ಅಂದ್ರು!" ಆ ಕೊನೆಯ ಮಾತು ಅವರಿಗೆ ಚುಚ್ಚಿತ್ತು. ಕೇಳಿ ನನಗೂ ಚುಚ್ಚಿತು.

ವಯಸ್ಸೂ ಅಲ್ಲ, ಏನೂ ಅಲ್ಲ. ಚಿಕ್ಕ ಕವರಿಗೆ ದೊಡ್ಡ ದಿಂಬು ತುರುಕಿದರೆ ನಡುವೆ ಉಬ್ಬುತ್ತದಲ್ಲ, ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೂ ಅಷ್ಟೇ. ಎರಡೂ ಅಂಚು ಒಳಕ್ಕೆ ಎಳೆದುಕೊಂಡು ನಡುಭಾಗ ಏಳುತ್ತದೆ. ಬೈಕು ಆ ಉಬ್ಬಿನ ಮೇಲೆ ನಿಂತು ಓಡುತ್ತದೆ, ತಿರುವಿನಲ್ಲಿ ಅಲ್ಲಿಂದ ಜಾರಿ ಪಕ್ಕಕ್ಕೆ ಬೀಳುತ್ತದೆ. ಅದೇ ದಬಕ್. ಇನ್ನು ಉಜ್ಜುವ ಸದ್ದು. ಅಗಲ ಹೆಚ್ಚಾದಾಗ ಅದರ ಪಾಲಿನಂತೆ ಎತ್ತರವೂ ಹೆಚ್ಚುತ್ತದೆ. ಇಬ್ಬರು ಕೂತು, ಚೀಲ ಹೇರಿ, ಗುಂಡಿಗೆ ಇಳಿದಾಗ ಟೈರು ಮೇಲಿನ ಮಡ್‌ಗಾರ್ಡಿಗೆ ತಾಗುತ್ತಿರಬೇಕು ಎಂದು ನನ್ನ ಲೆಕ್ಕ. ಆದರೆ ಲೆಕ್ಕ ಹೇಳಿದರೆ ಗಂಡಸರು ನಂಬುವುದಿಲ್ಲ. ಕಣ್ಣಿಗೆ ಕಾಣಬೇಕು.

ಅಂಗಡಿಗೆ ವಾಪಸು ಬಂದವಳೇ ಮಂಜಪ್ಪನವರ ಮುಂದಿದ್ದ ಸುಣ್ಣದ ಡಬ್ಬಿ ಎತ್ತಿಕೊಂಡೆ.

"ಏ, ಏ, ಅದೆಂತಕ್ಕೆ?"

ಸುಣ್ಣವನ್ನು ಬೆರಳಲ್ಲಿ ತೆಗೆದು ಟೈರಿನ ಮೇಲಿನ ಮಡ್‌ಗಾರ್ಡಿನ ಒಳಮೈಗೆ ಬಳಿದೆ, ಟೈರು ತಾಗಿದರೆ ಅದರಲ್ಲಿ ಗೀರು ಬೀಳಬೇಕು. ಅದು ಒಣಗಿ ಗಟ್ಟಿಯಾದ ಮೇಲೆ ಪರಮೇಶಣ್ಣನಿಗೆ ಒಬ್ಬರೇ ಬಸ್ ಸ್ಟ್ಯಾಂಡ್ ಸುತ್ತಿ ಬರಲು ಹೇಳಿದೆ. ಬಂದರು. ಟಾರ್ಚ್ ಹಾಕಿ ಮಡ್‌ಗಾರ್ಡಿನ ಒಳಮೈ ನೋಡಿದೆವು. ಸುಣ್ಣ ಬಳಿದಂತೆಯೇ ಇತ್ತು, ಒಂದು ಗೀರೂ ಇಲ್ಲ.

"ಕಂಡ್ಯಾ? ತಾಗಲ್ಲ" ಎಂದರು ಮಂಜಪ್ಪನವರು, ಗೆದ್ದವರಂತೆ.

"ತಡೀರಿ" ಎಂದು ಮತ್ತೆ ಸುಣ್ಣ ಬಳಿದೆ. ಪ್ರವಾಸದ ಚೀಲಗಳಿಗೆ ಹಳೇ ಟ್ಯೂಬು ತುಂಬಿ ಬೈಕಿಗೆ ಕಟ್ಟಿಸಿ, ಸೆರಗು ಸಿಕ್ಕಿಸಿ, ನಾನೇ ಹಿಂದೆ ಹತ್ತಿ ಕೂತೆ. ನನ್ನ ತೂಕದ ಬಗ್ಗೆ ಮಂಜಪ್ಪನವರು ಏನೋ ಅಂದರು, ಕೇಳಿಸಿಕೊಳ್ಳಲಿಲ್ಲ. ತೀರ್ಥಹಳ್ಳಿ ರಸ್ತೆಯ ತಿರುವುಗಳ ತನಕ ಹೋದೆವು. ಸುನಂದಕ್ಕ ಹೇಳಿದ್ದು ಅಕ್ಷರಶಃ ನಿಜ. ಮೊದಲ ತಿರುವಿನಲ್ಲೇ ಆ ದಬಕ್ ಬಂತು, ಪರಮೇಶಣ್ಣನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡೆ. ಗುಂಡಿಯಲ್ಲಿ ಕರ್ರ್ ಎಂದಿತು. ಇಂಥ ಬೈಕಿನ ಮೇಲೆ ಆ ಹೆಂಗಸು ಘಟ್ಟ ಇಳಿದಿದ್ದರಲ್ಲ!

ವಾಪಸು ಬಂದು ಟಾರ್ಚ್ ಹಾಕಿದೆವು. ಮಡ್‌ಗಾರ್ಡಿನ ಒಳಗೆ ಸುಣ್ಣದ ಮೇಲೆ ಕಪ್ಪಗೆ ಉದ್ದುದ್ದ ಗೀರು. ಪರಮೇಶಣ್ಣ ನೆಲದ ಮೇಲೆ ಕೂತೇಬಿಟ್ಟರು. "ಅದು ಹೇಳಿದ್ದು ಖರೇ ಆಗಿತ್ತು" ಎಂದರು. "ವಯಸ್ಸಾತು ಅಂದುಬಿಟ್ಟಿ."

ಮಂಜಪ್ಪನವರು ಖಾಲಿಯಾದ ಡಬ್ಬಿಯನ್ನೂ ಆ ಕಪ್ಪು ಗೀರನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ 140ರ ಟೈರನ್ನು ತಾವೇ ಒಳಕ್ಕೆ ಉರುಳಿಸಿಕೊಂಡು ಹೋದರು. ನನ್ನ ಸೇವಾವಧಿಯಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದೇ.

130 ನಮ್ಮಲ್ಲಿ ಇರಲಿಲ್ಲ. ಸಾಗರದಲ್ಲಿ ಮಂಜಪ್ಪನವರ ತಮ್ಮ ಲೋಕಪ್ಪನ ಅಂಗಡಿ ಇತ್ತು. ಫೋನ್ ಮಾಡಿದೆವು, ಬಸ್ಸಿನಲ್ಲಿ ಹಾಕಿ ಕಳಿಸುತ್ತೇನೆ ಎಂದ. ಮಾರನೇ ದಿನ ಬಸ್ಸು ಬಂತು, ಟೈರೂ ಬಂತು. ಸುತ್ತಿದ್ದ ಕಾಗದ ಬಿಚ್ಚಿದರೆ 140! ಫೋನಿನಲ್ಲಿ ಲೋಕಪ್ಪ, "ಜಯಂತಕ್ಕಾ, ನಿಮಗೆ ಅಂತ ಒಂದು ಸೈಜು ದೊಡ್ಡದೇ ಹಾಕಿದೀನಿ" ಎಂದು ಉಪಕಾರ ಮಾಡಿದವನ ದನಿಯಲ್ಲಿ ಹೇಳಿದ. ನನಗೆ ಬಂದ ಸಿಟ್ಟಿಗೆ ಫೋನ್ ಕರಗಬೇಕಿತ್ತು. ಇನ್ನು ಇವರನ್ನು ನಂಬಿ ಪ್ರಯೋಜನವಿಲ್ಲವೆಂದು ಅದೇ ಬಸ್ಸು ಸಾಗರಕ್ಕೆ ತಿರುಗುವಾಗ ಟೈರಿನ ಸಮೇತ ನಾನೇ ಹತ್ತಿದೆ.

"ಇದಕ್ಕೂ ಸೀಟ್ ಬೇಕನಕ್ಕಾ?" ಎಂದ ಕಂಡಕ್ಟರ್.

"ಕಿಟಕಿ ಪಕ್ಕದ್ದು ಕೊಡು, ವಾಂತಿ ಮಾಡ್ಕಳುತ್ತೆ" ಎಂದೆ. ಬಸ್ಸೆಲ್ಲ ನಕ್ಕಿತು.

ಲೋಕಪ್ಪನ ಅಂಗಡಿಯಲ್ಲಿ ನಾನೇ ಒಳಗೆ ಹೋಗಿ ಆರಿಸಿದೆ. ಸೈಜು ಸರಿ, ಭಾರದ ಅಂಕಿ ಸರಿ. ತಯಾರಾದ ವಾರ, ವರ್ಷದ ಗುರುತು ನೋಡಿ, ಹಳೇ ಮಾಲನ್ನು ಪಕ್ಕಕ್ಕೆ ಸರಿಸಿ, ಹೊಸದನ್ನು ಹೆಗಲಿಗೆ ಹಾಕಿಕೊಂಡು ಬಂದೆ. ಹೊಸನಗರದಲ್ಲಿ ಇಳಿದಾಗ ದಂಡಯಾತ್ರೆ ಮುಗಿಸಿ ಬಂದಷ್ಟು ಹೆಮ್ಮೆ.

ಮರುದಿನ ಬೆಳಿಗ್ಗೆ ಟೈರು ಕೂರಿಸಿದವಳೂ ನಾನೇ. ಬಾಣದ ದಿಕ್ಕು ನೋಡಿ, ಇಬ್ಬರ ಭಾರಕ್ಕೆ ತಕ್ಕಷ್ಟು ಗಾಳಿ ತುಂಬಿದೆ. ಮಂಜಪ್ಪನವರು ಹೊಸ ಸುಣ್ಣ ತುಂಬಿದ ಡಬ್ಬಿಯನ್ನು ತಾವಾಗಿಯೇ ಚಾಚಿದರು. ಮತ್ತೆ ಬಳಿದು, ಮತ್ತೆ ಹಿಂದೆ ಕೂತು, ಅದೇ ತಿರುವು, ಅದೇ ಗುಂಡಿ. ಬೈಕು ಬೆಣ್ಣೆಯಿಂದ ಕೂದಲು ತೆಗೆದಂತೆ ವಾಲಿ ಎದ್ದಿತು. ಹಿಂದಿನ ಗೀರನ್ನು ಮೊದಲೇ ಒರೆಸಿದ್ದೆ. ಹೊಸ ಗೀರು ಒಂದೂ ಬಿದ್ದಿರಲಿಲ್ಲ.

ಉಳಿದದ್ದು ಸುನಂದಕ್ಕ. ಅವರನ್ನು ಒಪ್ಪಿಸುವ ಕೆಲಸ ನಾನು ಮಾಡಲಿಲ್ಲ. ಪರಮೇಶಣ್ಣನನ್ನು ಮನೆಗೆ ಕಳಿಸಿ, ಮೊದಲು ಆ ವಯಸ್ಸಿನ ಮಾತನ್ನು ವಾಪಸು ತಗೊಳ್ಳಿ, ಟೈರಿನ ಮಾತು ಆಮೇಲೆ ಎಂದೆ. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ನಡೆದುಕೊಂಡು ಅಂಗಡಿಗೆ ಬಂದರು. ಸುನಂದಕ್ಕ ಬೈಕಿನ ಹಿಂದೆ ಬಗ್ಗಿ ಟೈರನ್ನು ಕೈಯಿಂದ ಒತ್ತಿ ನೋಡಿದರು.

"ಸಣ್ಣ ಆಯ್ದು?" ಎಂದರು.

"ಸರಿ ಆಗಿದೆ" ಎಂದೆ. "ಒಂದ್ಸಲ ಕೂತು ಬನ್ನಿ. ಬೇಡ ಅನ್ಸಿದ್ರೆ ಇನ್ಯಾವತ್ತೂ ಕರೆಯಲ್ಲ. ಅವರೂ ಕರೆಯಲ್ಲ, ನಾನು ಬಿಡಲ್ಲ."

ಅವರು ಹತ್ತಿದರು. ಎರಡೂ ಕೈಯಲ್ಲಿ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಕ್ಯಾಮೆರಾ ಕೊರಳಲ್ಲಿ ಸುಮ್ಮನೆ ನೇತಾಡುತ್ತಿತ್ತು. ತೀರ್ಥಹಳ್ಳಿ ರಸ್ತೆಯ ಮೊದಲ ತಿರುವಿನ ತನಕ ಹೋಗಿ ಬರುವುದೆಂದು ಮಾತು.

ಬರಲಿಲ್ಲ. ಹೊತ್ತು ಕಳೆಯಿತು. ಮಂಜಪ್ಪನವರು ಎಲೆಯಡಿಕೆ ಹಾಕುವುದನ್ನೇ ಮರೆತು ರಸ್ತೆ ನೋಡುತ್ತಾ ನಿಂತರು. "ಎಂತ ಆಯ್ತೋ ಏನೋ, ನಿನ್ನ ಮಾತು ಕೇಳಿ" ಎಂದರು. ಹೊರಗೆ ಧೈರ್ಯವಾಗಿದ್ದೆ, ಒಳಗೆ ನನಗೂ ಜೀವ ಹಾರಿಹೋಗಿತ್ತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

ಸಂಜೆಯಾಗುವಾಗ ಬಂದರು. ಬೈಕು ಕೆಸರಾಗಿತ್ತು, ಇಬ್ಬರ ಮುಖವೂ ಬಿಸಿಲಿಗೆ ಕೆಂಪಾಗಿತ್ತು. ಕವಲೇದುರ್ಗದ ತನಕ ಹೋಗಿದ್ದರಂತೆ, ಕೋಟೆ ಹತ್ತಿ ಇಳಿದರಂತೆ. ನಾನು ಬೈಯಲು ಬಾಯಿ ತೆರೆದೆ. ಸುನಂದಕ್ಕ ಕ್ಯಾಮೆರಾದ ಪರದೆಯನ್ನು ನನ್ನ ಕಣ್ಣ ಮುಂದೆ ಹಿಡಿದರು.

ಫೋಟೊದ ಮೂಲೆಯಲ್ಲಿ ಪರಮೇಶಣ್ಣನ ಭುಜವೂ ಇರಲಿಲ್ಲ, ಹೆಲ್ಮೆಟ್ಟೂ ಇರಲಿಲ್ಲ. ಬರೀ ರಸ್ತೆ. ಅವರು ಆಗಲೇ ದಾಟಿ ಬಂದ ರಸ್ತೆ. ಒಂದು ನೀರಿನ ಹೊಂಡ, ಅದರಿಂದ ಹೊರಟ ಟೈರಿನ ಒದ್ದೆ ಗೆರೆ ತಿರುವಿನುದ್ದಕ್ಕೂ ಎಲ್ಲೂ ಅಲುಗದೆ ಬಳಸಿಕೊಂಡು ನಮ್ಮ ಕಡೆಗೆ ಬಂದಿತ್ತು. ಓಡುವ ಬೈಕಿನ ಮೇಲೆ, ತಿರುವಿನಲ್ಲಿ, ಕಂಬಿಯಿಂದ ಎರಡೂ ಕೈ ಬಿಟ್ಟು, ಪೂರಾ ಹಿಂದಕ್ಕೆ ತಿರುಗಿ ತೆಗೆದದ್ದು.

"ಅದು ತಿರುಗಿ ಕೂತದ್ದು ಎಂಗೆ ಗೊತ್ತೇ ಆಯ್ದಿಲ್ಲೆ" ಎಂದರು ಪರಮೇಶಣ್ಣ.

ನನಗೆ ಅಳು ಬಂತು, ಅಂಗಡಿಯ ಮುಂದೆಯೇ ಅತ್ತೆ. ಆ ಫೋಟೊ ಈಗ ಸ್ಟುಡಿಯೋದ ಕಪಾಟಿನ ನಡುಮಧ್ಯದಲ್ಲಿದೆ. ರಸ್ತೆ ಮಾತ್ರ ಇರುವ ಫೋಟೊವನ್ನು ಯಾಕೆ ಇಟ್ಟಿದ್ದೀರಿ ಎಂದು ಬಂದವರು ಕೇಳಿದರೆ, ಆ ಒದ್ದೆ ಗೆರೆಯ ಮೇಲೆ ಬೆರಳಿಟ್ಟು, ಅದರಲ್ಲಿ ಜಯಂತಕ್ಕ ಇದಾರೆ ನೋಡಿ ಎನ್ನುತ್ತಾರೆ ಸುನಂದಕ್ಕ.